ಚೀಟಿಯಲ್ಲಿ ‘ಅಲೋಪೀಶಿಯ, ಟೆಲೋಜನ್ ಎಫ್ಲುವಿಯಂ’ ಅಂತ ಬರೆದಿದ್ದಾರೆ. ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳುತ್ತೀರಾ?

ತುಂಗಾತೀರದವಳು:

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ನನಗೆ ಡೆಂಗಿ ಬಂದಿತ್ತು. ಐದು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದೆ, ಆಗಸ್ಟ್ ಹೊತ್ತಿಗೆ ಪೂರ್ತಿ ಸರಿಯಾಗಿದ್ದೆ. ಈಗ ಅಕ್ಟೋಬರ್. ಮೂರು ವಾರದಿಂದ ತಲೆಗೆ ಕೈ ಹಾಕಿದರೆ ಸಾಕು, ಕೂದಲು ಕೈಗೇ ಬರುತ್ತಿದೆ. ಬಚ್ಚಲಲ್ಲಿ, ದಿಂಬಿನ ಮೇಲೆ, ಊಟದ ತಟ್ಟೆಯಲ್ಲಿ ಎಲ್ಲಾ ಕಡೆ ಕೂದಲೇ. ಹಿಡಿ ತುಂಬ ಇದ್ದ ಜಡೆ ಈಗ ಹೆಬ್ಬೆರಳಿನಷ್ಟಾಗಿದೆ. ಅಮ್ಮ ಒಂದು ಕೂದಲನ್ನು ಬೆಳಕಿಗೆ ಹಿಡಿದು, ತುದಿಯಲ್ಲಿದ್ದ ಬಿಳಿ ಗಂಟು ತೋರಿಸಿ, "ನೋಡು, ಬೇರೇ ಕಿತ್ತು ಬಂದಿದೆ, ಇನ್ನು ಅಲ್ಲಿ ಹುಟ್ಟಲ್ಲ" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಚರ್ಮದ ಡಾಕ್ಟರ ಹತ್ತಿರ ಹೋದೆ. ಹೊರಗೆ ತುಂಬಾ ಜನ ಕಾಯುತ್ತಿದ್ದರು. ಅವರು ಒಂದು ಜುಟ್ಟು ಕೂದಲು ಹಿಡಿದು ಎಳೆದು ನೋಡಿದರು, ತಲೆಯ ಮೇಲೆ ಲೆನ್ಸ್ ಇಟ್ಟು ನೋಡಿದರು, ಚೀಟಿ ಬರೆದು ಕಳಿಸಿದರು. ಚೀಟಿಯಲ್ಲಿ ಇರುವುದು ಇಷ್ಟು: ‘ಅಲೋಪೀಶಿಯ, ನಾನ್ ಸ್ಕಾರಿಂಗ್. ಹೇರ್ ಪುಲ್ ಪಾಸಿಟಿವ್. ಅಕ್ಯೂಟ್ ಟೆಲೋಜನ್ ಎಫ್ಲುವಿಯಂ. ಫೆರಿಟಿನ್, ಟಿಎಸ್‌ಎಚ್ ಮಾಡಿಸಿ.’ ಅಲೋಪೀಶಿಯ ಅಂತ ನೆಟ್‌ನಲ್ಲಿ ಹುಡುಕಿದರೆ ತಲೆ ಪೂರ್ತಿ ಬೋಳಾದವರ ಫೋಟೋಗಳೇ ಬರುತ್ತವೆ. ನನಗೂ ಹಾಗೇ ಆಗುತ್ತಾ? ಅಣ್ಣ ತಲೆಗೆ ಕೂದಲು ಬೆಳೆಸುವ ಮಿನಾಕ್ಸಿಡಿಲ್ ಹಚ್ಚುತ್ತಾನೆ, ನಾನೂ ಅದನ್ನೇ ಹಚ್ಚಲಾ? ಗೊತ್ತಿರುವವರು ಒಂದೊಂದೇ ಪದ ಬಿಡಿಸಿ ಹೇಳಿ.

ಚರ್ಮವೈದ್ಯೆ:

ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಚೀಟಿಯಲ್ಲಿ ತುಂಬಾ ಒಳ್ಳೆಯ ಸುದ್ದಿ ಇರುವ ಪದ ‘ನಾನ್ ಸ್ಕಾರಿಂಗ್’. ಅದನ್ನೇ ನೀವು ದಾಟಿ ಹೋಗಿದ್ದೀರಿ.

ಅಲೋಪೀಶಿಯ ಅನ್ನುವುದು ಒಂದು ಕಾಯಿಲೆಯ ಹೆಸರೇ ಅಲ್ಲ. ಇರಬೇಕಾದ ಜಾಗದಲ್ಲಿ ಕೂದಲು ಕಡಿಮೆಯಾಗಿದೆ ಅಂತ ಅಷ್ಟೇ ಅದರ ಅರ್ಥ. ‘ಜ್ವರ’ ಅಂದ ಹಾಗೆ. ಯಾವ ಜ್ವರ ಅಂತ ಮುಂದಿನ ಪದ ಹೇಳಬೇಕು. ಅದಕ್ಕೇ ಬರೀ ಅಲೋಪೀಶಿಯ ಅಂತ ಹುಡುಕಿದರೆ ಭಯ ಹುಟ್ಟಿಸುವ ಫೋಟೋಗಳು ಬರುತ್ತವೆ.

ಕೂದಲು ಹುಟ್ಟುವ ಸಣ್ಣ ಗುಳಿಯನ್ನು ಫಾಲಿಕಲ್ ಅನ್ನುತ್ತೇವೆ. ಅದು ನಾಶವಾಗಿ ಅಲ್ಲಿ ಕಲೆ ಕಟ್ಟಿದರೆ ಅದು ಸ್ಕಾರಿಂಗ್. ಲೈಕೆನ್ ಪ್ಲಾನೋಪೈಲಾರಿಸ್, ಡಿಸ್ಕಾಯ್ಡ್ ಲೂಪಸ್ ಅನ್ನುವ ಚರ್ಮದ ಕಾಯಿಲೆಗಳಲ್ಲಿ ಹಾಗಾಗುತ್ತದೆ. ಕಲೆ ಕಟ್ಟಿದ ಜಾಗದಲ್ಲಿ ಮತ್ತೆ ಕೂದಲು ಬರುವುದಿಲ್ಲ, ಆದ್ದರಿಂದ ಅಲ್ಲಿ ಒಂದು ತಿಂಗಳು ತಡ ಮಾಡಿದರೂ ನಷ್ಟ. ನಾನ್ ಸ್ಕಾರಿಂಗ್ ಅಂದರೆ ಗುಳಿ ಉಳಿದಿದೆ, ಕೂದಲು ಮಾತ್ರ ಬಿದ್ದಿದೆ. ನಿಮ್ಮ ತಲೆಯ ಮೇಲೆ ಲೆನ್ಸ್ ಇಟ್ಟು ನೋಡಿದ್ದು ಬಹುಶಃ ಇದನ್ನೇ.

ಈಗ ಟೆಲೋಜನ್. ಪ್ರತಿ ಕೂದಲಿಗೂ ಮೂರು ಹಂತ. ಬೆಳೆಯುವ ಹಂತ ಅನಾಜೆನ್, ತಲೆಯಲ್ಲಿ ಇದು 2ರಿಂದ 6 ವರ್ಷ. ಆಮೇಲೆ ಎರಡು ಮೂರು ವಾರ ಕುಗ್ಗುವ ಹಂತ, ಅದು ಕ್ಯಾಟಜೆನ್. ಕೊನೆಗೆ ಸುಮಾರು 3 ತಿಂಗಳ ವಿಶ್ರಾಂತಿ, ಅದೇ ಟೆಲೋಜನ್. ವಿಶ್ರಾಂತಿ ಮುಗಿದ ಕೂದಲು ಉದುರುತ್ತದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ, ಅದರಲ್ಲಿ ಸುಮಾರು ನೂರಕ್ಕೆ 10 ವಿಶ್ರಾಂತಿಯಲ್ಲಿ ಅಂತ ಇಟ್ಟುಕೊಳ್ಳಿ. ಅಂದರೆ 10,000. ಅವು ಸುಮಾರು ನೂರು ದಿನದಲ್ಲಿ ಉದುರಿದರೆ ದಿನಕ್ಕೆ 100. ಇದು ಎಲ್ಲರಿಗೂ ಆಗುವುದೇ, ಯಾರೂ ಎಣಿಸುವುದಿಲ್ಲ ಅಷ್ಟೇ.

ಜೋರು ಜ್ವರ ಬಂದಾಗ ದೇಹಕ್ಕೆ ಕೂದಲು ಬೆಳೆಸುವುದು ತುರ್ತು ಕೆಲಸ ಅಲ್ಲ. ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿಬಿಡುತ್ತವೆ. ನೂರಕ್ಕೆ 10 ಇದ್ದದ್ದು 30 ಆಯಿತು ಅನ್ನಿ, ದಿನಕ್ಕೆ 300 ಉದುರುತ್ತವೆ. ಆದರೆ ಅವತ್ತೇ ಉದುರುವುದಿಲ್ಲ, ಆ ವಿಶ್ರಾಂತಿ ಮುಗಿಯಬೇಕಲ್ವಾ, ಅದಕ್ಕೇ ಜುಲೈನ ಡೆಂಗಿಗೆ ಅಕ್ಟೋಬರ್‌ನಲ್ಲಿ ಲೆಕ್ಕ ಬರುತ್ತದೆ. ಜನ ಮಾತ್ರ ಹೋದ ವಾರ ಬದಲಿಸಿದ ಶಾಂಪೂವನ್ನೋ ಬೋರ್‌ವೆಲ್ ನೀರನ್ನೋ ದೂರುತ್ತಾರೆ. ಟೈಫಾಯ್ಡ್, ದೊಡ್ಡ ಆಪರೇಷನ್, ಹೆರಿಗೆ, ಊಟ ಬಿಟ್ಟು ದಿಢೀರ್ ತೂಕ ಇಳಿಸುವುದು, ಎಲ್ಲದರಲ್ಲೂ ಇದೇ ಕಥೆ.

ಆ ಬಿಳಿ ಗಂಟಿನ ಬಗ್ಗೆ ನಿಮ್ಮ ಅಮ್ಮನಿಗೆ ದಯವಿಟ್ಟು ಹೇಳಿ. ಅದು ಬೇರು ಅಲ್ಲ. ವಿಶ್ರಾಂತಿ ಮುಗಿಸಿದ ಕೂದಲಿನ ಬುಡ ಹಾಗೇ ದುಂಡಗೆ ಬೆಳ್ಳಗೆ ಗದೆಯ ತರಹ ಇರುತ್ತದೆ. ಹುಟ್ಟಿಸುವ ಗುಳಿ ಚರ್ಮದೊಳಗೇ ಉಳಿದಿರುತ್ತದೆ. ಬಿಳಿ ಗಂಟು ಕಂಡರೆ ಇದು ಟೆಲೋಜನ್ ಕೂದಲು ಅಂತ ನಮಗೂ ಧೈರ್ಯ ಬರುತ್ತದೆ.

ಹೇರ್ ಪುಲ್ ಅಂದರೆ 50, 60 ಕೂದಲನ್ನು ಬೆರಳಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆಯುವುದು. ಆರಕ್ಕಿಂತ ಜಾಸ್ತಿ ಬಂದರೆ ಪಾಸಿಟಿವ್. ಫೆರಿಟಿನ್ ದೇಹದ ಕಬ್ಬಿಣದ ದಾಸ್ತಾನು ಹೇಳುತ್ತದೆ, ಹಿಮೋಗ್ಲೋಬಿನ್ ಸರಿಯಿದ್ದರೂ ಇದು ತಳ ಹಿಡಿದಿರಬಹುದು. ಟಿಎಸ್‌ಎಚ್ ಥೈರಾಯ್ಡ್‌ಗೆ. ಎರಡನ್ನೂ ತಪ್ಪದೇ ಮಾಡಿಸಿ. ಅಕ್ಯೂಟ್ ಅಂದರೆ ದಿಢೀರ್ ಶುರುವಾದದ್ದು, ಸಾಮಾನ್ಯವಾಗಿ ಈ ಉದುರುವಿಕೆ ಆರು ತಿಂಗಳ ಒಳಗೆ ನಿಲ್ಲುತ್ತದೆ. ಆದರೆ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದು, ಜಡೆಯ ದಪ್ಪ ಮರಳಲು ಒಂದು ವರ್ಷದ ಮೇಲೂ ಬೇಕಾಗಬಹುದು.

ಅಣ್ಣನ ಔಷಧಿ ಬೇಡ. ಅವರದು ಆಂಡ್ರೊಜೆನೆಟಿಕ್ ಅಲೋಪೀಶಿಯ ಇರಬೇಕು. ಅದರಲ್ಲಿ ಡಿಎಚ್‌ಟಿ ಅನ್ನುವ ಹಾರ್ಮೋನ್‌ನಿಂದ ಗುಳಿಗಳೇ ವರ್ಷ ವರ್ಷ ಚಿಕ್ಕದಾಗಿ ಕೂದಲು ತೆಳ್ಳಗಾಗುತ್ತಾ ಹೋಗುತ್ತದೆ. ಅದು ಬೇರೆ, ಇದು ಬೇರೆ.

ನಿವೃತ್ತ ಮೇಷ್ಟ್ರು:

ವೈದ್ಯೆಯವರು ಗುಳಿ ಅಂದರು, ನಮ್ಮ ಪಠ್ಯಪುಸ್ತಕದಲ್ಲಿ ಅದು ರೋಮಕೂಪ. ಕೂಪ ಅಂದರೆ ಬಾವಿ. ಲ್ಯಾಟಿನ್‌ನಲ್ಲಿ ಫಾಲಿಕಲ್‌ನ ಮೂಲಕ್ಕೆ ಪುಟ್ಟ ಚೀಲ ಅಂತ ಅರ್ಥ. ನನಗೆ ನಮ್ಮ ಬಾವಿಯೇ ಜಾಸ್ತಿ ಸರಿ ಅನ್ನಿಸುತ್ತದೆ. ಕೊಡ ಎತ್ತಿದರೆ ಬಾವಿ ಹೋಗುವುದಿಲ್ಲವಲ್ಲ. ಬಾವಿ ಮುಚ್ಚಿದರೆ ಸ್ಕಾರಿಂಗ್.

ಟೆಲೋಜನ್‌ನಲ್ಲಿರುವ ಟೆಲೋಸ್ ಗ್ರೀಕ್ ಪದ, ಕೊನೆ ಅಂತ. ಅನಾ ಅಂದರೆ ಮೇಲಕ್ಕೆ, ಕಟಾ ಅಂದರೆ ಕೆಳಕ್ಕೆ. ಈ ಮೂರು ಹೆಸರುಗಳನ್ನು ಇಲಿಯ ಕೂದಲನ್ನು ನೋಡಿ 1926ರಲ್ಲಿ ಡ್ರೈ ಎಂಬ ವಿಜ್ಞಾನಿ ಇಟ್ಟರು. ಎಫ್ಲುವಿಯಂ ಲ್ಯಾಟಿನ್, ಹೊರಕ್ಕೆ ಹರಿಯುವುದು. ಎರಡನ್ನೂ ಸೇರಿಸಿ ಟೆಲೋಜನ್ ಎಫ್ಲುವಿಯಂ ಅಂದವರು ಅಮೆರಿಕದ ಚರ್ಮತಜ್ಞ ಕ್ಲಿಗ್‌ಮನ್, 1961ರಲ್ಲಿ. ಅಲೋಪೀಶಿಯದ ಮೂಲ ಗ್ರೀಕಿನ ನರಿ. ಕಜ್ಜಿ ಹಿಡಿದ ನರಿಯ ಮೈ ಕೂದಲು ಉದುರುವುದನ್ನು ಕಂಡು ಇಟ್ಟ ಹೆಸರು.

ನಮ್ಮಲ್ಲೂ ಪದಗಳು ಕಡಿಮೆ ಇಲ್ಲ. ಆಯುರ್ವೇದದಲ್ಲಿ ಬೋಳಾಗುವುದು ಖಾಲಿತ್ಯ, ನರೆಯುವುದು ಪಾಲಿತ್ಯ, ತೇಪೆ ತೇಪೆಯಾಗಿ ಹೋಗುವುದು ಇಂದ್ರಲುಪ್ತ. ಆಡುಮಾತಿನಲ್ಲಿ ಚಿಕ್ಕ ವಯಸ್ಸಿನ ನರೆಗೆ ಬಾಲನೆರೆ. ಹಳೆಯ ಕನ್ನಡದಲ್ಲಿ ಕೂದಲಿಗೆ ನವಿರು. ಮೈನವಿರೇಳುವುದು ಅನ್ನುತ್ತೇವಲ್ಲ, ಆಗ ಕೂದಲನ್ನು ಎತ್ತಿ ನಿಲ್ಲಿಸುವ ಪುಟಾಣಿ ಸ್ನಾಯುವೇ ವೈದ್ಯರ ಅರೆಕ್ಟರ್ ಪೈಲೈ. ಆದರೆ ಉದುರುವುದಕ್ಕೆ ಮಾತ್ರ ನಾವು ‘ಕೂದಲು ಉದುರುತ್ತೆ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ಅದರಿಂದಲೇ ನಿಮ್ಮ ಮನೆಯಲ್ಲಿ ಇಷ್ಟು ಗಾಬರಿ.

ಇಬ್ಬರು ಮಕ್ಕಳ ಅಮ್ಮ:

ಮೇಷ್ಟ್ರ ಕೊನೆಯ ಮಾತು ನೂರಕ್ಕೆ ನೂರು ನಿಜ. ನಾನು ಎರಡು ತರಹ ಉದುರುವುದನ್ನೂ ಮನೆಯಲ್ಲೇ ನೋಡಿದ್ದೇನೆ.

ದೊಡ್ಡವಳು ಹುಟ್ಟಿ ಮೂರು ತಿಂಗಳಿಗೆ ನನ್ನ ಕೂದಲು ಕಿತ್ತು ಕಿತ್ತು ಬಂತು. ಅಜ್ಜಿ ಮಾತ್ರ ಹೆದರಲಿಲ್ಲ. "ಮಗು ಮುಖ ನೋಡಿ ನಗೋಕೆ ಶುರು ಮಾಡಿದ್ರೆ ತಾಯಿ ಕೂದಲು ಉದುರುತ್ತೆ, ಆಮೇಲೆ ಬರುತ್ತೆ ಬಿಡು" ಅಂದರು. ಈಗ ಲೆಕ್ಕ ಹಾಕಿದರೆ ಅಜ್ಜಿ ಹೇಳಿದ ಸಮಯ ಎಷ್ಟು ಸರಿ ನೋಡಿ. ಮಗುವಿನ ನಗು ಕಾರಣ ಅಲ್ಲ, ಆದರೆ ಎರಡೂ ಒಂದೇ ಹೊತ್ತಿಗೆ ಬರುತ್ತವೆ.

ಚಿಕ್ಕವನದು ಬೇರೆ ಕಥೆ. ಏಳು ವರ್ಷ ಇದ್ದಾಗ ಕ್ಷೌರದವರು ಕಿವಿಯ ಹಿಂದೆ ಐದು ರೂಪಾಯಿ ನಾಣ್ಯದಷ್ಟು ದುಂಡಗೆ ನುಣ್ಣಗೆ ಬೋಳಾಗಿದ್ದನ್ನು ತೋರಿಸಿದರು. ‘ಹುಳ ತಿಂದಿದೆ’ ಅಂತ ಎಲ್ಲರೂ ಹೇಳಿದರು. ಯಾರೋ ಬೆಳ್ಳುಳ್ಳಿ ಅರೆದು ತಿಕ್ಕಿ ಅಂದರು, ತಿಕ್ಕಿದೆ, ಮಗುವಿನ ಚರ್ಮ ಸುಟ್ಟು ಬೊಬ್ಬೆ ಬಂತು. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತದೆ. ಅಂಟುರೋಗ ಅಂತ ಅವನ ಶಾಲೆಯವರು ಎರಡು ವಾರ ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಡಾಕ್ಟರು ಅಲೋಪೀಶಿಯ ಏರಿಯೇಟ ಅಂತ ಬರೆದು ನಿಧಾನವಾಗಿ ವಿವರಿಸಿದರು. ಹುಳವೂ ಇಲ್ಲ, ಅಂಟುವುದೂ ಇಲ್ಲ. ದೇಹದ ಕಾವಲು ಪಡೆ ತನ್ನದೇ ಕೂದಲ ಬುಡದ ಮೇಲೆ ಬೀಳುತ್ತದೆ, ಅಷ್ಟೇ. ಉಗುರಿನಲ್ಲಿ ಸೂಜಿಮೊನೆಯಂಥ ಚುಕ್ಕೆ ಗುಳಿಗಳಿವೆಯಾ ಅಂತಲೂ ನೋಡಿದರು. ಹಚ್ಚುವ ಮುಲಾಮು ಕೊಟ್ಟರು, ನಾಲ್ಕು ತಿಂಗಳಿಗೆ ಮೊದಲು ಬೆಳ್ಳಗೆ, ಆಮೇಲೆ ಕಪ್ಪಗೆ ಕೂದಲು ಬಂತು. ಅಂಟುವ ಕಾಯಿಲೆಯೇ ಬೇರೆ ಇದೆಯಂತೆ, ಟೀನಿಯ ಕ್ಯಾಪಿಟಿಸ್ ಅಂತ. ಮೇಡಂ, ಅದನ್ನೂ ಒಂದು ಮಾತು ಹೇಳಿ, ಶಾಲೆಗಳಲ್ಲಿ ಇದನ್ನೂ ಅದನ್ನೂ ಕಲಸಿಬಿಡುತ್ತಾರೆ.

ಚರ್ಮವೈದ್ಯೆ:

ಟೀನಿಯ ಕ್ಯಾಪಿಟಿಸ್ ಫಂಗಸ್‌ನಿಂದ, ಹುಳುಕಡ್ಡಿಯ ಜಾತಿಯದು. ಮಕ್ಕಳಲ್ಲಿ ಜಾಸ್ತಿ. ಅಲ್ಲಿ ಚರ್ಮ ನುಣ್ಣಗಿರುವುದಿಲ್ಲ, ಹೊಟ್ಟು ಇರುತ್ತದೆ, ತುರಿಕೆ ಇರುತ್ತದೆ, ಕೂದಲು ಬುಡದ ಹತ್ತಿರ ಮುರಿದಿರುತ್ತದೆ. ಬಾಚಣಿಗೆ, ಟೋಪಿಯಿಂದ ಹರಡುತ್ತದೆ. ಮುಲಾಮು ಸಾಲದು, ಮಾತ್ರೆ ಬೇಕೇ ಬೇಕು, ಯಾಕಂದರೆ ಫಂಗಸ್ ಕೂದಲಿನೊಳಗೇ ಕೂತಿರುತ್ತದೆ. ಬಿಟ್ಟರೆ ಕೆಲವೊಮ್ಮೆ ಕೀವು ತುಂಬಿದ ಗಡ್ಡೆಯಾಗಿ ಗುಳಿಯೇ ಹಾಳಾಗುತ್ತದೆ.

ಏರಿಯೇಟ ತೀವ್ರವಾಗಿ, ತಲೆ ಪೂರ್ತಿ ಹೋದರೆ ಟೋಟಾಲಿಸ್, ಮೈಯೆಲ್ಲಾ ಹೋದರೆ ಯೂನಿವರ್ಸಾಲಿಸ್. ನೆಟ್‌ನ ಫೋಟೋಗಳಲ್ಲಿ ಹೆಚ್ಚಿನವು ಇವೇ. ತೀವ್ರವಾದದ್ದಕ್ಕೆ ಬ್ಯಾರಿಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಹುಬ್ಬಳ್ಳಿ ಹುಡುಗಿ:

ನನ್ನದು ಉಲ್ಟಾ ಸಮಸ್ಯೆ, ಆದರೆ ಪದದ ಗೊಂದಲ ಅದೇ. ಗದ್ದ, ಮೇಲ್ತುಟಿಯಲ್ಲಿ ದಪ್ಪ ಕೂದಲು. ಒಂದು ರಿಪೋರ್ಟ್‌ನಲ್ಲಿ ಹಿರ್ಸುಟಿಸಂ ಅಂತಿತ್ತು, ನೆಟ್‌ನಲ್ಲಿ ಹೈಪರ್‌ಟ್ರೈಕೋಸಿಸ್ ಅಂತ ಓದಿ ಎರಡೂ ಒಂದೇ ಅಂದುಕೊಂಡಿದ್ದೆ. ಅಲ್ಲ. ಹೆಂಗಸರಿಗೆ ಗಂಡಸರ ತರಹ ಗದ್ದ, ಎದೆ, ಹೊಟ್ಟೆಯಲ್ಲಿ ದಪ್ಪ ಕೂದಲು ಬಂದರೆ ಹಿರ್ಸುಟಿಸಂ, ಅದಕ್ಕೆ ಹಾರ್ಮೋನ್ ನೋಡಬೇಕು, ನನಗೆ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ, ಇದೆ ಅಂತ ಗೊತ್ತಾಗಿದ್ದೇ ಹಾಗೆ. ಎಲ್ಲಿ ಬೇಕಾದರೂ, ಯಾರಿಗೆ ಬೇಕಾದರೂ ಜಾಸ್ತಿ ಬೆಳೆದರೆ ಹೈಪರ್‌ಟ್ರೈಕೋಸಿಸ್. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತಂತೆ, ತಿಂದವರಿಗೆ ಮೈಮೇಲೆ ಕೂದಲು ಬೆಳೆದದ್ದು ನೋಡಿಯೇ ತಲೆಗೆ ಹಚ್ಚುವ ಔಷಧಿ ಮಾಡಿದ್ದು. ಅದಕ್ಕೇ ಅಕ್ಕ, ಕೇಳದೆ ಹಚ್ಚಬೇಡಿ, ಹಣೆಯ ಮೇಲೂ ಕೆನ್ನೆಯ ಮೇಲೂ ಕೂದಲು ಬರಬಹುದು.

ತುಂಗಾತೀರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಳಿ ಗಂಟಿನ ವಿಷಯ ಅಮ್ಮನಿಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ಆಮೇಲೆ ನನ್ನನ್ನು ಕಿಟಕಿ ಹತ್ತಿರ ಕೂರಿಸಿ ಬೈತಲೆ ಬಿಡಿಸಿ ನೋಡಿದರು. ಹಣೆಯ ಅಂಚಿನಲ್ಲಿ ಬೆರಳಿನ ಅಗಲದಷ್ಟು ಸಣ್ಣ ಸಣ್ಣ ಕೂದಲು ನೆಟ್ಟಗೆ ನಿಂತಿವೆಯಂತೆ. ನಾನು ಅದನ್ನು ಮುರಿದ ಕೂದಲು ಅಂದುಕೊಂಡಿದ್ದೆ, ಅಮ್ಮ ತುದಿ ಮುಟ್ಟಿ ನೋಡಿ "ಇಲ್ಲ, ಚೂಪಾಗಿದೆ, ಹೊಸದು" ಅಂದರು. ಫೆರಿಟಿನ್ ರಿಪೋರ್ಟ್ ಸೋಮವಾರ ಬರುತ್ತದೆ, ಇಲ್ಲೇ ಹಾಕುತ್ತೇನೆ.