ಬಾಣಂತಿ ಸೊಸೆಗೆ ವಿಪರೀತ ತಲೆನೋವು, ಆಸ್ಪತ್ರೆಯವರು ಮಲಗಲಿ ಎನ್ನುತ್ತಾರೆ. ಏನು ಮಾಡಲಿ?

ಅಟ್ಲಾಂಟಾದಲ್ಲಿರುವ ಅತ್ತೆ:
ಸೊಸೆಯ ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದಿದ್ದೇನೆ. ಅವಳು ಇಲ್ಲಿಯ ಕಪ್ಪು ಜನಾಂಗದವಳು, ವಕೀಲೆ. ಹೆರಿಗೆಯಾಗಿ ವಾರ ಕಳೆದಿದೆ. ನಿನ್ನೆಯಿಂದ ತಲೆ ಸಿಡಿಯುವಷ್ಟು ನೋವು. ಹಾಲು ಕುಡಿಸುವಾಗ ಕಣ್ಣೆದುರು ಮಿಂಚುಹುಳು ಹಾರಿದಂತಾಗುತ್ತದಂತೆ. ಆಸ್ಪತ್ರೆಗೆ ಫೋನ್ ಮಾಡಿದರೆ, ನಿದ್ದೆಗೆಟ್ಟಿದ್ದಕ್ಕೆ ಹೀಗೆ, ಮಾತ್ರೆ ನುಂಗಿ ಮಲಗಲಿ ಎಂದರು. ಮನೆಯ ಯಂತ್ರದಲ್ಲಿ ಬಿ.ಪಿ. 156/104 ತೋರಿಸುತ್ತಿದೆ. ಮತ್ತೆ ಕೇಳೋಣವೆಂದರೆ, "ಬೇಡ, ಜಗಳಗಂಟಿ ಕಪ್ಪು ಹೆಂಗಸು ಎಂದುಕೊಳ್ಳುತ್ತಾರೆ" ಎನ್ನುತ್ತಾಳೆ. ಆ ಮಾತು ಕೇಳಿ ನನ್ನ ಕರುಳು ಹಿಂಡಿದಂತಾಯಿತು.

ಹೆರಿಗೆ ವಾರ್ಡಿನ ನರ್ಸ್:
ಅಮ್ಮಾ, ಓದಿದ ಕೂಡಲೇ ಹೊರಡಿ. ಇನ್ನು ಫೋನ್ ಮಾಡಿ ಕೇಳುತ್ತಾ ಕೂರಬೇಡಿ, ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಕರೆದೊಯ್ಯುವವರಿಲ್ಲದಿದ್ದರೆ ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಅಲ್ಲಿ ಬಾಯಿಬಿಟ್ಟ ಮೊದಲ ಮಾತೇ "ಹೆರಿಗೆಯಾಗಿ ವಾರವಾಗಿದೆ" ಎಂದಿರಲಿ; ತಲೆನೋವಿನ ಮಾತು ಆಮೇಲೆ. ಬಾಣಂತಿ ಎಂದು ಗೊತ್ತಾಗದಿದ್ದರೆ ಸುಮ್ಮನೆ ಸರದಿಯಲ್ಲಿ ಕೂರಿಸಿಬಿಡಬಹುದು. ಇದು ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸುರಿ, ಬಾಣಂತಿಯರಲ್ಲಿ ಬಿ.ಪಿ. ಏರಿ ಜೀವಕ್ಕೆ ಅಪಾಯ ತರುವ ಕಾಯಿಲೆ ಇರಬಹುದು. ಹೆರಿಗೆಯ ನಂತರ ಆರು ವಾರದವರೆಗೂ ಬರುತ್ತದೆ, ಬಸಿರಿನಲ್ಲಿ ಬಿ.ಪಿ. ಸರಿಯಿದ್ದವರಿಗೂ. ತಲೆನೋವು, ಕಣ್ಣಿನ ತೊಂದರೆ ಎರಡೂ ಇರುವಾಗ 160/110 ಆಗಲಿ ಎಂದು ಕಾಯಬಾರದು.

ಸೊಸೆಯ ಅಂಜಿಕೆ ಸುಳ್ಳಲ್ಲ. 2023ರಲ್ಲಿ ಅಮೆರಿಕದಲ್ಲಿ ಲಕ್ಷ ಜನನಗಳಿಗೆ ಸತ್ತ ತಾಯಂದಿರು ಕಪ್ಪು ಜನಾಂಗದಲ್ಲಿ 50.3, ಬಿಳಿಯರಲ್ಲಿ 14.5. ಓದು, ಹಣ ಇದ್ದರೂ ರಕ್ಷಣೆಯಿಲ್ಲ. 2017ರಲ್ಲಿ ಮಗು ಹುಟ್ಟಿದ ಮರುದಿನ ಉಸಿರು ಸಿಕ್ಕಿಕೊಂಡಾಗ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಅವರೇ ಸ್ಕ್ಯಾನ್ ಮಾಡಿ ಎಂದು ಪಟ್ಟು ಹಿಡಿಯಬೇಕಾಯಿತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಓದುಗ:
ಕಪ್ಪು ಜನರಲ್ಲಿ ಬಿ.ಪಿ. ಮೊದಲೇ ಹೆಚ್ಚಲ್ಲವೇ? ಎಲ್ಲಕ್ಕೂ ಆಸ್ಪತ್ರೆಯನ್ನು ದೂರಿದರೆ ಹೇಗೆ?

ಹೆರಿಗೆ ವಾರ್ಡಿನ ನರ್ಸ್:
ಹೆಚ್ಚು, ಒಪ್ಪುತ್ತೇನೆ. ಹಾಗಿದ್ದ ಮೇಲೆ ಫೋನೆತ್ತಿದವರು ಮೊದಲು ಬಿ.ಪಿ. ಎಷ್ಟಿದೆ ಎಂದು ಕೇಳಬೇಕಿತ್ತಲ್ಲವೇ? ಬಸಿರು, ಬಾಣಂತನಕ್ಕೆ ಸಂಬಂಧಿಸಿದ ಸಾವುಗಳಲ್ಲಿ ಶೇ. 80ಕ್ಕೂ ಹೆಚ್ಚು ತಡೆಯಬಹುದಾದವು ಎಂದು ಅಲ್ಲಿಯ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳಿದೆ. ಬಿ.ಪಿ. ಏಕೆ ಹೆಚ್ಚು ಎಂಬುದನ್ನೂ ಯೋಚಿಸಿ. ಹುಟ್ಟಿದಂದಿನಿಂದ ತಾರತಮ್ಯ ಸಹಿಸಿದ ದೇಹ ಬೇಗ ಸವೆಯುತ್ತದೆ ಎಂದು ಸಾರ್ವಜನಿಕ ಆರೋಗ್ಯ ಸಂಶೋಧಕಿ ಆರ್ಲೀನ್ ಜೆರೊನಿಮಸ್ 1992ರಲ್ಲೇ ಬರೆದರು.

ಅಟ್ಲಾಂಟಾದಲ್ಲಿರುವ ಅತ್ತೆ:
ದಾಖಲು ಮಾಡಿಕೊಂಡರು. ನೀವು ಹೇಳಿದ್ದೇ ಕಾಯಿಲೆ. ಫಿಟ್ಸ್ ಬಾರದಿರಲೆಂದು ಮೆಗ್ನೀಷಿಯಂ ಡ್ರಿಪ್ ಹಾಕಿದ್ದಾರೆ, ಮೈಯೆಲ್ಲ ಬಿಸಿ ಎನ್ನುತ್ತಾಳೆ. ಮಗು ನನ್ನ ಮಡಿಲಲ್ಲಿದೆ. ಮುಂದೆ?

ಹೆರಿಗೆ ವಾರ್ಡಿನ ನರ್ಸ್:
ಸದ್ಯ, ಜೀವ ಬಂದಂತಾಯಿತು! ಆ ಬಿಸಿ ಔಷಧಿಯದೇ, ಹೆದರಬೇಡಿ. ಮನೆಗೆ ಬಂದ ಮೂರು ದಿನದೊಳಗೆ ಬಿ.ಪಿ. ತೋರಿಸಬೇಕು. ಈ ಕಾಯಿಲೆ ಬಂದವರಿಗೆ ಮುಂದೆ ಹೃದ್ರೋಗದ ಅಪಾಯ ಸುಮಾರು ಇಮ್ಮಡಿ. ಆದ್ದರಿಂದ ಐವತ್ತು ದಾಟಿದ ಮೇಲೂ ಪ್ರತಿ ಹೊಸ ವೈದ್ಯರಿಗೆ ಇದನ್ನು ಹೇಳಲೇಬೇಕು. ಮತ್ತೆ ಬಸಿರಾದರೆ 12 ವಾರದ ನಂತರ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು ಕೇಳಲಿ. ಬಿಡುಗಡೆಯ ಪತ್ರದಲ್ಲಿ ಕಾಯಿಲೆಯ ಹೆಸರಿದೆಯೇ ಎಂದು ನೋಡಿಯೇ ಅಲ್ಲಿಂದ ಹೊರಡಿ.