ಹಿತ್ತಲಿನ ಈಜುಕೊಳದ ನೀರು ಬೆಳ್ಳಗೆ ಕದಡಿದೆ, ಚೆಲ್ಲುವುದೇ ದಾರಿಯೇ?

ಗದಗ ರಸ್ತೆಯವಳು, ಹುಬ್ಬಳ್ಳಿ
ಮೊಮ್ಮಕ್ಕಳಿಗೆಂದು ಹಿತ್ತಲಿನಲ್ಲಿ ಕಟ್ಟಿಸಿದ ಚಿಕ್ಕ ಈಜುಕೊಳವಿದೆ. ಉದ್ದ 6 ಮೀಟರ್, ಅಗಲ 3, ಆಳ ಸರಾಸರಿ 1.3. ನಲ್ಲಿಯಲ್ಲಿ ಬರುವ ಮಲಪ್ರಭೆಯ ನೀರು ಮನೆಗೇ ಸಾಲದು, ಹಾಗಾಗಿ ಟ್ಯಾಂಕರ್‌ನಿಂದ ಬೋರ್‌ವೆಲ್ ನೀರು ತುಂಬಿಸಿದೆವು. ಬ್ಲೀಚಿಂಗ್ ಪೌಡರ್ ಎರಚಿದ ಮೇಲೆ ನೀರು ಮಜ್ಜಿಗೆಯಂತಾಗಿದೆ, ತಳದ ಜಾಲರಿ ಕಾಣುವುದಿಲ್ಲ. ಅಂಗಡಿಯವನು ಇನ್ನಷ್ಟು ಪೌಡರ್ ಹಾಕಿ ಎಂದು ಹೇಳಿ, ಕ್ಲೋರಿನ್ ಗುಳಿಗೆಗಳ ಡಬ್ಬಿಯನ್ನೂ ಕೊಟ್ಟಿದ್ದಾನೆ. ಯಜಮಾನರು ಎಲ್ಲವನ್ನೂ ಹೊರಗೆ ಬಿಟ್ಟು ಹೊಸದಾಗಿ ತುಂಬಿಸೋಣ ಎಂದು ಹಟ ಹಿಡಿದಿದ್ದಾರೆ. ದಸರಾ ರಜೆಗೆ ಮಕ್ಕಳು ಬಂದೇ ಬಿಡುತ್ತಾರೆ.

ಕೊಳ ನೋಡಿಕೊಳ್ಳುವವನು, ಧಾರವಾಡ
ಅಕ್ಕಾವರೇ, ಮೊದಲು ಯಜಮಾನರನ್ನು ತಡೆಯಿರಿ. ನಿಮ್ಮ ಕಡೆಯದು ಎರೆನೆಲ. ಮಳೆ ಕುಡಿದು ಉಬ್ಬಿರುವಾಗ ಕೊಳ ಬರಿದು ಮಾಡಿದರೆ ಹೊರಗಿನ ಒತ್ತಡಕ್ಕೆ ಗೋಡೆ, ತಳ ಬಿರಿಯಬಹುದು. ಅಲ್ಲದೆ ಮತ್ತೆ ಟ್ಯಾಂಕರ್ ಕರೆದರೆ ದುಡ್ಡು ಕೊಟ್ಟು ಹೊಸ ಸುಣ್ಣ ತರಿಸಿಕೊಂಡಂತೆ.

ಆ ಗುಳಿಗೆ ಮತ್ತು ಪೌಡರ್ ಒಂದೇ ಬಕೆಟ್‌ಗೆ, ಒಂದೇ ಚಮಚಕ್ಕೆ ತಾಗುವುದೂ ಬೇಡ. ಬೆರೆತರೆ ಹೊತ್ತಿಕೊಳ್ಳಬಹುದು, ಸಿಡಿಯಬಹುದು. ಇದನ್ನು ಹೇಳದೆ ಎರಡನ್ನೂ ಒಟ್ಟಿಗೆ ಮಾರುವವನ ಮಾತನ್ನು ನಾನಾದರೆ ಕೇಳುವುದಿಲ್ಲ.

ಈಗ ಒಂದು ಗಾಜಿನ ಲೋಟದಲ್ಲಿ ಕೊಳದ ನೀರು ಹಿಡಿದು ಒಂದು ಚಮಚ ಬಿಳಿ ವಿನೆಗರ್ ಹಾಕಿ. ತಿಳಿಯಾದರೆ ಅದು ಸುಣ್ಣ: ಬೋರ್ ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ, ಪೌಡರ್‌ನಿಂದ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರಿದೊಡನೆ ಹೊರಬಿದ್ದಿದೆ. ತಿಳಿಯಾಗದಿದ್ದರೆ ಧೂಳು ಅಥವಾ ಪಾಚಿ. ಪಿಎಚ್ ಪಟ್ಟಿಯಲ್ಲಿ ಅಳೆದು ತಿಳಿಸಿ. 7.2ರಿಂದ 7.6ರೊಳಗೆ ಇರಬೇಕು.

ವರದಾ ದಂಡೆಯವನು, ಹಾವೇರಿ
ಮಳೆಗಾಲದ ಕೆಂಪು ನೀರಿಗೆ ನಮ್ಮ ಮನೆಯಲ್ಲಿ ಪಟಿಕದ ಹರಳು ಆಡಿಸುತ್ತಾರೆ, ಬೆಳಗಾಗುವಷ್ಟರಲ್ಲಿ ತಿಳಿ. ಇಲ್ಲಿಯೂ ಅಷ್ಟೇ ಸಾಲದೇ?

ಗದಗ ರಸ್ತೆಯವಳು
ವಿನೆಗರ್ ಹಾಕಿದಾಗ ಲೋಟ ತಿಳಿಯಾಯಿತು! ಪಟ್ಟಿಯಲ್ಲಿ ಪಿಎಚ್ 8.4 ತೋರಿಸುತ್ತಿದೆ.

ಕೊಳ ನೋಡಿಕೊಳ್ಳುವವನು
ಹಾವೇರಿಯ ಸರ್, ಪಟಿಕ ಬೇಕು, ಆದರೆ ಎರಡನೆಯದಾಗಿ. ಪಿಎಚ್ 8 ದಾಟಿದ ನೀರಿನಲ್ಲಿ ಅದು ಸರಿಯಾಗಿ ಮುದ್ದೆ ಕಟ್ಟುವುದಿಲ್ಲ, ಸುಣ್ಣವೂ ಮತ್ತೆ ಮತ್ತೆ ಹೊರಬೀಳುತ್ತದೆ.

ಅಕ್ಕಾವರೇ, ನಿಮ್ಮ ಕೊಳದಲ್ಲಿ ಸುಮಾರು 23,400 ಲೀಟರ್ ನೀರಿದೆ. ಕಾಲು ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ ಅನ್ನು ನೀರು ತುಂಬಿದ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ಕೈಗವಸು, ಕನ್ನಡಕ ಇರಲಿ, ಪೌಡರ್ ಹತ್ತಿರ ಸುಳಿಯಬಾರದು, ವಿಷಗಾಳಿ ಏಳುತ್ತದೆ. ಪಂಪ್ ಓಡುತ್ತಿರುವಾಗ ಸುತ್ತಲೂ ಸುರಿದು, ನಾಲ್ಕು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಬೋರ್ ನೀರಿನ ಪಿಎಚ್ ಬೇಗ ಇಳಿಯುವುದಿಲ್ಲ. ಇಷ್ಟಿಷ್ಟೇ ಹಾಕುತ್ತಾ 7.4ಕ್ಕೆ ತನ್ನಿ. ಅರ್ಧ ಬಿಳುಪು ಅಲ್ಲಿಯೇ ಹೋಗುತ್ತದೆ.

ಉಳಿದದ್ದಕ್ಕೆ ಅರ್ಧ ಕಿಲೋ ಪಟಿಕ ಕರಗಿಸಿ ಹಾಕಿ. ಮರಳಿನ ಫಿಲ್ಟರ್‌ನ ವಾಲ್ವ್ ಅನ್ನು ನೀರು ಮರಳಿಗೆ ಹೋಗದಂತೆ ತಿರುಗಿಸಿ ಎರಡು ಗಂಟೆ ಪಂಪ್ ಓಡಿಸಿ, ರಾತ್ರಿಯೆಲ್ಲ ನಿಲ್ಲಿಸಿ. ಬೆಳಿಗ್ಗೆ ತಳದಲ್ಲಿ ಕೂತ ಗಸಿಯನ್ನು ನಿಧಾನವಾಗಿ ಎಳೆದು ನೇರ ಚರಂಡಿಗೆ ಬಿಡಿ. ಫಿಲ್ಟರ್ ಮೂಲಕ ಎಳೆದರೆ ಮರಳು ಕಟ್ಟಿಕೊಳ್ಳುತ್ತದೆ.

ಗದಗ ರಸ್ತೆಯವಳು
ಗಸಿ ಎಳೆದಾಯಿತು, ಬಿಳುಪು ಹೋಯಿತು. ಯಜಮಾನರು ಈಗ ತಾವೇ ಹೇಳಿದ್ದೆಂಬಂತೆ ಪಕ್ಕದವರಿಗೆ ವಿವರಿಸುತ್ತಿದ್ದಾರೆ. ಜಾಲರಿ ಮಾತ್ರ ಇನ್ನೂ ಮಬ್ಬಾಗಿ ಕಾಣುತ್ತದೆ. ಮಕ್ಕಳನ್ನು ಇಳಿಸಬಹುದೇ?

ಕೊಳ ನೋಡಿಕೊಳ್ಳುವವನು
ಬೇಡ. ಜಾಲರಿಯ ಗೀರುಗಳು ದಂಡೆಯಿಂದ ಎಣಿಸುವಷ್ಟು ಸ್ಪಷ್ಟವಾಗಿ ಕಾಣಬೇಕು. ಮಬ್ಬು ನೀರಿನಲ್ಲಿ ಮಗು ಮುಳುಗಿದರೆ ಮೇಲಿನಿಂದ ತಿಳಿಯುವುದೇ ಇಲ್ಲ. ಈಗ ಫಿಲ್ಟರ್‌ಗೆ ನೀರು ಬಿಟ್ಟು ದಿನಕ್ಕೆ ಎಂಟು ಗಂಟೆ ಓಡಿಸಿ, ಫಿಲ್ಟರ್‌ನ ಒತ್ತಡದ ಮುಳ್ಳು ಮೊದಲಿಗಿಂತ 8-10 ಪಿಎಸ್‌ಐ (ಒತ್ತಡದ ಅಳತೆ) ಏರಿದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಿರಿ. ಕ್ಲೋರಿನ್ 1ರಿಂದ 3 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ, ಇರಲಿ.

ಇನ್ನು ಮೇಲೆ ಪೌಡರ್ ಎರಚಬೇಡಿ. ಬಕೆಟ್‌ನಲ್ಲಿ ಕದಡಿ ನಿಲ್ಲಿಸಿ, ಮೇಲಿನ ತಿಳಿಯನ್ನಷ್ಟೇ ಸಂಜೆ ಹೊತ್ತು ಮುಳುಗಿದ ಮೇಲೆ ಸುರಿಯಿರಿ. ಬಿಸಿಲಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ. ಆ ಗುಳಿಗೆ ಡಬ್ಬಿಯನ್ನು ಅಂಗಡಿಯವನಿಗೇ ಹಿಂದಿರುಗಿಸಿ.