ರಂಗನತಿಟ್ಟು: ಚಮಚದ ಕೊಕ್ಕು ಜುಟ್ಟು ಕೆದರಿದಾಗ ಫೋಟೋ ಕೆಡುತ್ತಿರುವುದೇಕೆ?

ಹೊಸಕ್ಲಿಕ್:
ಎಲ್ಲರಿಗೂ ನಮಸ್ಕಾರ. ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿಯಿಂದ ಫೋಟೋ ತೆಗೆಯುತ್ತಿದ್ದೇನೆ. ಸ್ಪೂನ್‌ಬಿಲ್ ಅಂತೀವಲ್ಲ, ಆ ಚಮಚದ ಕೊಕ್ಕು ಜುಟ್ಟು ಎತ್ತಿದ ಚಿತ್ರ ಬೇಕು. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 150-600 ಎಂಎಂ ಜೂಮ್ ಲೆನ್ಸ್. ಅಪರ್ಚರ್ ಪ್ರಯಾರಿಟಿ (ಲೆನ್ಸಿನ ತೆರಪು ನಾನು ಇಡುತ್ತೇನೆ, ಶಟರ್ ವೇಗ ಕ್ಯಾಮೆರಾದ್ದು), ಎಫ್/6.3, ಶಟರ್ 1/500ರ ಆಸುಪಾಸು, ಕಾಂಪನ್ಸೇಶನ್ (ಕ್ಯಾಮೆರಾ ಅಳೆದ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು) ಸೊನ್ನೆ. ಜುಟ್ಟಿನ ಗರಿಗಳು ಬಿಡಿಬಿಡಿಯಾಗಿ ಕಾಣದೆ ಸುಣ್ಣದ ಉಂಡೆಯ ಹಾಗೆ ಬರುತ್ತಿವೆ. ಕೊಕ್ಕಿನ ತುದಿ ಶಾರ್ಪ್ ಆದರೆ ಜುಟ್ಟು ಮಸುಕು. ಟ್ರೈಪಾಡ್ ಒಯ್ಯಬೇಕೇ? ಯಾವಾಗ ಹೋಗಬೇಕು?

ಬಿಳಿಗರಿ:
ಮೂರು ತಪ್ಪು ಒಟ್ಟಿಗೆ ಆಗಿವೆ. ಹಿಂದೆ ಮರದ ಕಪ್ಪು ನೆರಳು ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಬಿಳಿ ಸುಟ್ಟುಹೋಗುತ್ತದೆ. ಒಮ್ಮೆ ಸುಟ್ಟ ಗರಿ ರಾ ಫೈಲಿನಲ್ಲೂ (ಸಂಸ್ಕರಿಸದ ಮೂಲ ಚಿತ್ರ) ಮರಳಿ ಸಿಗದು. ಕಾಂಪನ್ಸೇಶನ್ -1ರಿಂದ ಶುರುಮಾಡಿ, ಹೈಲೈಟ್ ಎಚ್ಚರಿಕೆ (ಸುಟ್ಟ ಭಾಗ ಪರದೆಯಲ್ಲಿ ಮಿಣುಕುವುದು) ನಿಲ್ಲುವವರೆಗೆ ಇಳಿಸಿ.

ಎರಡನೆಯದು ಶಟರ್. ಅಲುಗುವ ದೋಣಿಯಿಂದ 600ರಲ್ಲಿ 1/500 ಸಾಲದು. ತಲೆ ಕೊಡವುವಾಗ ಗರಿಯ ತುದಿ ದೇಹಕ್ಕಿಂತ ವೇಗವಾಗಿ ಆಡುತ್ತದೆ, 1/2000 ಆದರೂ ಇರಲಿ.

ಮೂರನೆಯದು ಫೋಕಸ್‌ನ ಆಳ, ಅಂದರೆ ಹಿಂದೆ-ಮುಂದೆ ಎಷ್ಟು ದೂರ ಶಾರ್ಪ್ ಆಗಿ ಬರುತ್ತದೆ ಎಂಬುದು. ನಿಮ್ಮ ಕ್ಯಾಮೆರಾದಲ್ಲಿ 600 ಎಂಎಂ, ಎಫ್/6.3, 12 ಮೀಟರ್ ದೂರ ಅಂದರೆ ಆಳ ಸುಮಾರು 10 ಸೆಂ.ಮೀ. ಕೊಕ್ಕೇ 20 ಸೆಂ.ಮೀ. ಹತ್ತಿರ ಇರುತ್ತದೆ! ಹಕ್ಕಿ ನಿಮ್ಮತ್ತ ಮುಖ ಮಾಡಿದ್ದರೆ ಎಫ್/8 ಇಟ್ಟರೂ 13 ಸೆಂ.ಮೀ. ದಾಟದು. ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ, ಫೋಕಸ್ ಕಣ್ಣಿನ ಮೇಲಿರಲಿ.

ತೆಪ್ಪದಹುಟ್ಟು:
ಕಾಂಪನ್ಸೇಶನ್ ಬಗ್ಗೆ ನನಗೆ ಒಪ್ಪಿಗೆಯಿಲ್ಲ. ದೋಣಿ ಸಾಗುತ್ತಿದ್ದಂತೆ ಹಿನ್ನೆಲೆ ನೆರಳಿನಿಂದ ಹೊಳೆಯುವ ನೀರಿಗೆ, ಅಲ್ಲಿಂದ ಆಕಾಶಕ್ಕೆ ಬದಲಾಗುತ್ತದೆ. ನೆರಳಿಗೆ ಸರಿಹೋದ -1 ಆಕಾಶದ ಮುಂದೆ ಹಕ್ಕಿಯನ್ನು ಮಸಿ ಮಾಡುತ್ತದೆ. ಹಕ್ಕಿಯ ಮೇಲಿನ ಬಿಸಿಲು ಬದಲಾಗಿಲ್ಲವಲ್ಲ, ಮ್ಯಾನ್ಯುವಲ್ (ಎಲ್ಲವನ್ನೂ ನಾವೇ ಇಡುವುದು) ಸಾಕು: ಮುಂದಿನಿಂದ ಬೀಳುವ ಚುರುಕು ಬಿಸಿಲಿಗೆ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 400, ಎಫ್/8, 1/2500. ಮೋಡ ಮುಚ್ಚಿದರೆ ಐಎಸ್‌ಒ ಮಾತ್ರ ಏರಿಸಿ.

ಟ್ರೈಪಾಡ್ ಬೇಡ. ದೋಣಿಯ ಅಲುಗಾಟವೆಲ್ಲ ಅದರ ಕಾಲಿನಿಂದ ನೇರ ಲೆನ್ಸಿಗೆ ಹತ್ತುತ್ತದೆ. ಕೈಯಲ್ಲೇ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ದೋಣಿಯಂಚಿನಾಚೆ ಕೈ ಚಾಚಬೇಡಿ, ಬಂಡೆಗಳ ಮೇಲೆ ಮಲಗಿರುವ ಮೊಸಳೆಗಳೆಲ್ಲ ನಿದ್ದೆಯಲ್ಲಿರುವುದಿಲ್ಲ.

ಹೊಸಕ್ಲಿಕ್:
ಬಹಳ ಉಪಕಾರ ಸರ್. ಆದರೆ ಜುಟ್ಟು ಎತ್ತಿ ಇಳಿಸುವುದು ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಮೊದಲೇ ಗೊತ್ತಾಗುವ ಸೂಚನೆ ಏನಾದರೂ ಇದೆಯೇ?

ನಡುಗಡ್ಡೆ:
ಇದೆ. ಹಾರಿ ಬರುವ ಹಕ್ಕಿಯ ಬೆನ್ನುಹತ್ತಬೇಡಿ. ಅದರ ಜೋಡಿ ಗೂಡಿನಲ್ಲಿ ಕೂತಿರುತ್ತದಲ್ಲ, ಅದರ ಮೇಲೆ ಮೊದಲೇ ಫೋಕಸ್ ಇಟ್ಟುಕೊಳ್ಳಿ. ಸಂಗಾತಿ ಕಡ್ಡಿ ಕಚ್ಚಿಕೊಂಡು ಬಂದಿಳಿಯುವಾಗ ಕೂತದ್ದು ಜುಟ್ಟು ಕೆದರಿ ತಲೆ ಆಡಿಸುತ್ತದೆ. ಬಂದಿಳಿಯುವ ಮೊದಲೇ ಬರ್ಸ್ಟ್ (ಒತ್ತಿಹಿಡಿದು ಒಂದರ ಹಿಂದೊಂದು ಚಿತ್ರ ತೆಗೆಯುವುದು) ಶುರುವಾಗಿರಬೇಕು, ಕಾಲು ಊರಿದ ಮೇಲೆ ಒತ್ತಿದರೆ ತಡ. ಪಕ್ಕದ ಗೂಡಿನವರ ಜತೆ ಜಗಳವಾದಾಗಲೂ ಜುಟ್ಟು ನಿಲ್ಲುತ್ತದೆ. ಒಂದನ್ನೊಂದು ಗರಿ ತೀಡುವಾಗ ಅವಸರವಿಲ್ಲದೆ ತೆಗೆಯಬಹುದು.

ಗಾಳಿಗೆ ಎದ್ದ ಜುಟ್ಟನ್ನು ಇದರೊಂದಿಗೆ ಬೆರೆಸಬೇಡಿ. ಗಾಳಿಗಾದರೆ ಗರಿಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ, ತಾನೇ ಎತ್ತಿದ್ದು ತಲೆಯ ಹಿಂದೆ ಬೀಸಣಿಗೆಯಂತೆ ಬಿಚ್ಚಿರುತ್ತದೆ.

ಗೂಡಿನ ಕಾಲಕ್ಕೇ ಹೋಗಿ, ಫೆಬ್ರವರಿ–ಮಾರ್ಚ್ ಸುಮಾರಿಗೆ. ಎದೆಯ ಮೇಲೆ ಹಳದಿ ಪಟ್ಟಿ, ಉದ್ದ ಜುಟ್ಟು ಇದ್ದರೆ ಬೆದೆಯ ಹಕ್ಕಿ. ಮರಿಗೆ ಜುಟ್ಟಿಲ್ಲ, ಅದರ ಕೊಕ್ಕು ನಸುಗೆಂಪು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿಯೇ ಇರುವುದಿಲ್ಲ.

ಇನ್ನೂ ಹತ್ತಿರ ಹೋಗಲು ದೋಣಿಯವರನ್ನು ಕಾಡಬೇಡಿ. ಕೂತ ಹಕ್ಕಿ ಎದ್ದು ನಿಂತು, ಕತ್ತು ನೀಳ ಮಾಡಿ ನಿಮ್ಮನ್ನೇ ನೋಡುತ್ತಿದ್ದರೆ ಆಗಲೇ ಅತಿಯಾಯಿತು. ಅದು ಹಾರಿತೆಂದರೆ ಮೊಟ್ಟೆ ಬಿಸಿಲಿಗೆ ಬಿದ್ದಂತೆ, ಕಾಗೆಗೆ ಅಷ್ಟು ಹೊತ್ತು ಸಾಕು.